ಹೊಟ್ಟೆನೋವು ಅಂದ್ರೆ ಎಲ್ಲಿ ನೋವು?



ನಾವೆಲ್ಲ ಹೊಕ್ಕುಳ ಮೇಲೆ ಕೈಯಿಟ್ಟು "ಹೊಟ್ಟೆನೋವು ಸಾರ್" ಅಂತೀವಿ. ಆದರೆ ಉಂಡ ಮುದ್ದೆ ಹೋಗಿ ಸೇರುವ ಜಠರ ಅಲ್ಲಿಲ್ಲ. ಅದು ಇನ್ನೂ ಮೇಲೆ, ಎಡಗಡೆ ಪಕ್ಕೆಲುಬಿನ ಮರೆಯಲ್ಲಿದೆ. ಹೊಟ್ಟೆ ಒಂದೇ ಅಂಗವಲ್ಲ, ಹಲವು ಅಂಗಗಳು ಇರುವ ಮನೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಗೋಡೆಯಿದೆ.

ಹೊಕ್ಕುಳ ಮೇಲೆ ಕೂಡುವ ಚಿಹ್ನೆ (+) ಬರೆದಿದೆ ಅಂದುಕೊಳ್ಳಿ. ನಾಲ್ಕು ಕೋಣೆಗಳಾದವು. ಡಾಕ್ಟರೂ ಹೀಗೇ ಭಾಗ ಮಾಡಿ ನೋಡ್ತಾರೆ.

1. ಬಲ ಮೇಲ್ಗಡೆ: ಯಕೃತ್ತು. ದೊಡ್ಡವರಲ್ಲಿ ಸುಮಾರು 1.5 ಕಿಲೋ ತೂಗುತ್ತದೆ. ಇದು ಮಾಡುವ ಪಿತ್ತರಸ ಎಣ್ಣೆ, ತುಪ್ಪ ಜೀರ್ಣವಾಗಲು ಬೇಕು.

2. ಎಡ ಮೇಲ್ಗಡೆ: ಜಠರ. ಇಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಒಳಗಿನ ಲೋಳೆಪದರ ಜಠರವನ್ನು ಕಾಯುತ್ತದೆ.

3. ಎಡ ಕೆಳಗಡೆ: ದೊಡ್ಡ ಕರುಳಿನ ಕೊನೆಯ ಭಾಗ. ದೊಡ್ಡ ಕರುಳು ನೀರನ್ನು ಹೀರುತ್ತದೆ.

4. ಬಲ ಕೆಳಗಡೆ: ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗ. ಅಲ್ಲೇ ಬೆರಳಿನಷ್ಟು ಉದ್ದದ ಅಪೆಂಡಿಕ್ಸ್ ಜೋತುಬಿದ್ದಿದೆ.

ನಡುವೆಲ್ಲ ಸುರುಳಿ ಸುತ್ತಿಕೊಂಡಿರುವುದು ಸಣ್ಣ ಕರುಳು. ಉದ್ದ ಸುಮಾರು 6 ಮೀಟರ್!

ಈ ನಾಲ್ಕನೇ ಕೋಣೆಯನ್ನು ಚೆನ್ನಾಗಿ ನೆನಪಿಡಬೇಕು. ಅಪೆಂಡಿಕ್ಸ್ ಊದಿಕೊಂಡಾಗ ನೋವು ಎಲ್ಲಿಂದ ಬಂತು ಅಂತ ಮೆದುಳಿಗೆ ಮೊದಲು ಸರಿಯಾಗಿ ತಿಳಿಯೋದಿಲ್ಲ. ಹೊಕ್ಕುಳ ಸುತ್ತ ನೋವು ಅನ್ನಿಸುತ್ತೆ. ಬಾವು ಹೊಟ್ಟೆಯ ಒಳಪೊರೆಗೆ ತಗುಲಿದ ಮೇಲೆ ನೋವು ಬಲ ಕೆಳಗಡೆಗೆ ಬರುತ್ತದೆ. ಊಟ ಸೇರುವುದಿಲ್ಲ, ವಾಂತಿ, ಜ್ವರ ಬರಬಹುದು. ತಡಮಾಡಿದರೆ ಅದು ಒಡೆದು ಕೀವು ಹೊಟ್ಟೆಯಲ್ಲೆಲ್ಲ ಹರಡಿ ಜೀವಕ್ಕೇ ಅಪಾಯ.

ಹೋದ ಸುಗ್ಗಿಯಲ್ಲಿ ನಮ್ಮ ಅಕ್ಕನಿಗೆ ಹೀಗೇ ಆಯಿತು. ಅಜ್ಜಿ "ದೃಷ್ಟಿ ತಾಗೈತೆ" ಅಂತ ನಿವಾಳಿಸಿದರು. ಆಮೇಲೆ ಹರಳೆಣ್ಣೆ ಕುಡಿಸೋಕೆ ಹೊರಟರು. ಪಕ್ಕದ ಮನೆಗೆ ಬಂದಿದ್ದ ನರ್ಸಮ್ಮ ಓಡಿ ಬಂದು ತಡೆದರು. "ಭೇದಿಗೆ ಕೊಟ್ಟರೆ ಕರುಳು ಜೋರಾಗಿ ಹಿಂಡುತ್ತೆ, ಊದಿದ್ದು ಒಡೆದೀತು" ಅಂದರು. ರಾತ್ರಿಯೇ ಟ್ರ್ಯಾಕ್ಟರಿನಲ್ಲಿ ಆಸ್ಪತ್ರೆಗೆ ಹೋಗಿ ಆಪರೇಷನ್ ಆಯಿತು. ಈಗ ಅಕ್ಕ ಚೆನ್ನಾಗಿದ್ದಾಳೆ. ಅಜ್ಜಿಯನ್ನೂ ಬೈಯಬಾರದು, ಅವರ ಕಾಲದಲ್ಲಿ ಎಲ್ಲ ಹೊಟ್ಟೆನೋವಿಗೂ ಅದೇ ಮದ್ದು.

ನಿಮಗೆ ಗೊತ್ತೇ? 1735ರಲ್ಲಿ ಲಂಡನ್ನಿನಲ್ಲಿ ಕ್ಲಾಡಿಯಸ್ ಅಮ್ಯಾಂಡ್ ಎಂಬ ವೈದ್ಯರು 11 ವರ್ಷದ ಹುಡುಗನ ಅಪೆಂಡಿಕ್ಸ್ ತೆಗೆದರು. ಅದರೊಳಗೆ ಅವನು ನುಂಗಿದ್ದ ಗುಂಡುಸೂಜಿ ಇತ್ತು! ಆಗ ಪ್ರಜ್ಞೆ ತಪ್ಪಿಸುವ ಔಷಧಿಯೇ ಇರಲಿಲ್ಲ. ಆದರೂ ಹುಡುಗ ಬದುಕಿದ.

ನೆನಪಿಡಿ:
* ಎಲ್ಲ ಹೊಟ್ಟೆನೋವೂ ಅಪೆಂಡಿಕ್ಸ್ ಅಲ್ಲ, ಹೆದರಬೇಡಿ.
* ನೋವು ಬಲ ಕೆಳಗಡೆ ಬಂದು ಹೆಚ್ಚುತ್ತಿದ್ದರೆ ಭೇದಿ ಮದ್ದು ಬೇಡ, ಹೊಟ್ಟೆ ತಿಕ್ಕುವುದು ಬೇಡ, ಬರೆ ಹಾಕುವುದಂತೂ ಬೇಡವೇ ಬೇಡ.
* ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.
* "ಹೊಟ್ಟೆನೋವು" ಅಂತ ಅಷ್ಟೇ ಹೇಳಬೇಡಿ. ಎಲ್ಲಿ ಶುರುವಾಯ್ತು, ಈಗ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ.

ಪಕ್ಕದಲ್ಲಿ ನಾನು ಬರೆದ ಚಿತ್ರವಿದೆ, ನೋಡಿ.

– 7ನೇ ತರಗತಿ