ಈ ವರ್ಷದ ಚಿತ್ರೀಕರಣ, ಮುಂದಿನ ಮುಂಗಾರಿಗೆ

ಗುಲ್ಬರ್ಗದ ದೂರದರ್ಶನ ಕೇಂದ್ರಕ್ಕಾಗಿ ಕೃಷಿ ಕಾರ್ಯಕ್ರಮಗಳನ್ನು ಬರೆದುಕೊಡುವ ಕಾರ್ಯ ನನ್ನ ಪಾಲಿಗೆ ಬಂದಾಗ, ಆ ಪ್ರಾಂತ್ಯಕ್ಕೆ ದೂರದರ್ಶನವು ಹೊಸದೇನೂ ಆಗಿರಲಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷಕಾಲ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮಗಳನ್ನು ಮುಟ್ಟಿಸಿದ 'ಸೈಟ್' ಪ್ರಯೋಗದಲ್ಲಿ ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳೂ ಸೇರಿದ್ದವು. ಆದರೆ ನಮ್ಮ ಒಕ್ಕಲಿಗನಿಗೆಂದು ಕನ್ನಡದಲ್ಲಿ ಹೇಳಬೇಕಾದುದು ಸಿದ್ಧವಾಗುತ್ತಿದ್ದುದು ಮಾತ್ರ ಹೈದರಾಬಾದಿನಲ್ಲಿ. 1977ರಲ್ಲಿ ಗುಲ್ಬರ್ಗದಲ್ಲಿಯೇ ಕೇಂದ್ರ ಸ್ಥಾಪಿತವಾಯಿತು. ಬೆಂಗಳೂರಿನ ಕೇಂದ್ರ ಆರಂಭವಾದುದು 1981ರಲ್ಲಿ ಎಂಬುದನ್ನು ನಮ್ಮವರು ಇಂದಿಗೂ ಕಿಂಚಿತ್ ಅಭಿಮಾನದಿಂದಲೇ ನೆನೆಯುತ್ತಾರೆ, ನೆನೆಯಲಿ.

ಕೇಂದ್ರವು ಹೊಲಕ್ಕೆ ಸಮೀಪವಿರುವುದರ ನಿಜವಾದ ಪ್ರಯೋಜನವೇನೆಂಬುದು ನನಗೆ ಮನದಟ್ಟಾದುದು ತೊಗರಿಯ ಹೊಲದಲ್ಲಿ. ಕಾಯಿಕೊರಕ ಹುಳುವಿನ ಹಾವಳಿಗೆ ಔಷಧಿಯೊಂದನ್ನೇ ನಂಬದೆ, ಗಿಡಗಳನ್ನು ಅಲುಗಾಡಿಸಿ ಹುಳುಗಳನ್ನು ಕೆಳಗೆ ಹಿಡಿದ ತಾಡಪತ್ರಿಯ ಮೇಲೆ ಬೀಳಿಸಿ ನಾಶಪಡಿಸುವ ಕ್ರಮವನ್ನು ಚಿತ್ರೀಕರಿಸುತ್ತಿದ್ದೆವು. ನಮ್ಮೊಡನೆ ಬಂದಿದ್ದ ಅಧಿಕಾರಿಗಳು ಉತ್ಸಾಹದಿಂದ ಒಂದು ಗಿಡಕ್ಕೆ ಕೈಹಾಕಿದೊಡನೆ, ತಾಡಪತ್ರಿಯ ಇನ್ನೊಂದು ಅಂಚನ್ನು ಹಿಡಿದಿದ್ದ ಹೆಣ್ಣುಮಗಳು, "ಸಾಹೇಬ್ರ, ಜೋರಲೆ ಅಳ್ಳಾಡಿಸಿದ್ರ ಹೂವು ಉದರ್ತಾವ, ಬುಡ ಹಿಡದು ಮೆಲ್ಲಕ ಅಳ್ಳಾಡಸ್ರಿ" ಎಂದಳು. ಸಾಹೇಬರು ಹಾಗೆಯೇ ಮಾಡಿದರು; ಹಸಿರು ಹುಳುಗಳು ಪಟಪಟನೆ ಉದುರಿದವು, ಹೂವು ಉಳಿಯಿತು. ನಾನು ಬರೆದಿದ್ದ ನಿರೂಪಣೆಯಲ್ಲಿ ಆ ಸೂಕ್ಷ್ಮ ಇರಲಿಲ್ಲ, ಯಾವ ಕೈಪಿಡಿಯಲ್ಲಿಯೂ ನಾನದನ್ನು ಕಂಡಿರಲಿಲ್ಲ. ಸಂಕಲನದ ವೇಳೆ ಅವಳ ಮಾತನ್ನು ತೆಗೆದು ನಿರೂಪಕನ ಶುದ್ಧ ವಾಕ್ಯವನ್ನು ಹಾಕೋಣವೆಂಬ ಸಲಹೆ ಬಂದಿತಾದರೂ, ಹಟ ಹಿಡಿದು ಅದನ್ನು ಉಳಿಸಿಕೊಂಡೆ. ಪ್ರಸಾರದ ಅನಂತರ ಗಂಜಿನಲ್ಲಿ ಎದುರಾದ ರೈತರು ವಿಚಾರಿಸಿದ್ದು ಆ ದೃಶ್ಯವನ್ನೇ ಹೊರತು, ಇಸ್ತ್ರಿಯ ಅಂಗಿ ತೊಟ್ಟು ಮೇಜಿನ ಹಿಂದೆ ಕುಳಿತ ತಜ್ಞರ ದೀರ್ಘ ಭಾಷಣವನ್ನಲ್ಲ.

ಇದಕ್ಕಿಂತ ಕಠಿನವಾದ ಪಾಠ ಕಾಲದ್ದು. ತೊಗರಿಯ ಬಿತ್ತನೆ ಜೂನ್‌ನಲ್ಲಿ ಆರಂಭವಾಗುತ್ತದೆ. ನೆಟೆ ರೋಗ ಬಾರದಂತೆ ಬೀಜಕ್ಕೆ ಟ್ರೈಕೋಡರ್ಮಾ ಲೇಪಿಸುವುದು ಅದಕ್ಕೂ ಮೊದಲಿನ ಕೆಲಸ. ಬಿತ್ತಿ ಸುಮಾರು 50 ದಿನಗಳಾದಾಗ ಕುಡಿ ಚಿವುಟಿದರೆ ಪಕ್ಕದ ಕೊಂಬೆಗಳು ಒಡೆದು ಹೂವು ಹೆಚ್ಚುತ್ತದೆ. ಇವುಗಳಲ್ಲಿ ಯಾವುದನ್ನೇ ಆಗಲಿ, ಅದು ನಡೆಯುವಾಗಲ್ಲದೆ ಚಿತ್ರೀಕರಿಸಲಾಗದು. ಆದರೆ ಅದು ನಡೆಯುವುದಕ್ಕೆ ಮೊದಲೇ ತೋರಿಸದಿದ್ದರೆ ನೋಡಿದವನಿಗೆ ಪ್ರಯೋಜನವಿಲ್ಲ. ಆಗಸ್ಟ್‌ನಲ್ಲಿ ಕುಡಿ ಚಿವುಟುವುದನ್ನು ಚಿತ್ರೀಕರಿಸಿ, ಸಂಕಲಿಸಿ, ಸೆಪ್ಟೆಂಬರಿನಲ್ಲಿ ಪ್ರಸಾರ ಮಾಡಿದರೆ ಕಾರ್ಯಕ್ರಮವೇನೋ ಸುಂದರವಾಗಿರುತ್ತದೆ, ಗಿಡ ಮಾತ್ರ ಅಷ್ಟರಲ್ಲಿ ಕೈಮೀರಿ ಬೆಳೆದಿರುತ್ತದೆ. ಆದಕಾರಣ ಈ ವರ್ಷದ ಹೊಲವನ್ನು ಮುಂದಿನ ವರ್ಷದ ಪ್ರೇಕ್ಷಕನಿಗಾಗಿ ಚಿತ್ರೀಕರಿಸಿಡುವುದೇ ದಾರಿಯೆಂದು ಕಂಡುಕೊಂಡೆವು. ಟೇಪು ದುಬಾರಿಯಾಗಿದ್ದು, ಒಮ್ಮೆ ಬಳಸಿದುದನ್ನು ಅಳಿಸಿ ಮತ್ತೆ ತುಂಬುವುದೇ ಎಲ್ಲೆಡೆಯೂ ರೂಢಿಯಾಗಿದ್ದ ಆ ದಿನಗಳಲ್ಲಿ, ಪ್ರಸಾರವಾಗದ ದೃಶ್ಯವನ್ನು ಒಂದು ವರ್ಷ ಕಪಾಟಿನಲ್ಲಿ ಕಾಯ್ದಿಡುವುದೆಂದರೆ, ಕೇಳಬಂದವರಿಗೆಲ್ಲ ವಿವರಣೆ ಕೊಡುತ್ತ ಕೂರುವುದೇ ಆಗಿದ್ದಿತು.

ಈಗ ಆ ಟೇಪಿನ ಕಷ್ಟವಿಲ್ಲ. ಚಂದನಕ್ಕಾಗಲಿ ಮತ್ತಾವ ವಾಹಿನಿಗಾಗಲಿ ಕೃಷಿ ಕಾರ್ಯಕ್ರಮ ಸಿದ್ಧಪಡಿಸುವ ತರುಣರಲ್ಲಿ ನನ್ನ ವಿನಂತಿ ಇಷ್ಟೇ: ಬರುವ ಆಗಸ್ಟ್‌ನಲ್ಲಿ ಯಾವುದಾದರೂ ತೊಗರಿಯ ಹೊಲಕ್ಕೆ ಹೋಗಿ, ಕುಡಿ ಚಿವುಟುವ ಕೈಗಳನ್ನು ಸಮೀಪದಿಂದ, ಅವಸರಪಡದೆ ಚಿತ್ರೀಕರಿಸಿರಿ, ಅದರ ಮರುವರ್ಷ ಜುಲೈ ಮುಗಿಯುವುದರೊಳಗೆ ತೋರಿಸಿರಿ.