ಬಾಗಿಲಿಲ್ಲದ ಕೋಣೆಗಳು



ನೀನು ಬಾಂಬೆ ಹೈ ತೈಲಕ್ಷೇತ್ರದ ಕೆಲಸಕ್ಕೆ ಸೇರಿದೆ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಬಹಳ ಸಂತೋಷವಾಯಿತು. ಈ ಪತ್ರವನ್ನು ನಿನ್ನ ಜೊತೆ ಸೇರಿದ ಹುಡುಗರಿಗೂ ಓದಿ ಹೇಳು.

ಬಾವಿಯೊಳಗೆ ಉಪಕರಣ ಇಳಿಸಿ ಅಳೆದ ಲಾಗ್ ಸಂಸ್ಕರಿಸಿದ ಮೇಲೆ ಕಂಪ್ಯೂಟರ್ ನಿನಗೆ ಪರ್ಮಿಯಬಿಲಿಟಿಯ, ಅಂದರೆ ಕಲ್ಲು ಎಷ್ಟು ಸಲೀಸಾಗಿ ಹರಿಯಗೊಡುತ್ತದೆ ಎಂಬುದರ, ಗೆರೆಯೊಂದನ್ನು ಎಳೆದುಕೊಡುತ್ತದೆ. ಗಾಮಾ, ಸಾಂದ್ರತೆ, ನ್ಯೂಟ್ರಾನ್ ಗೆರೆಗಳ ಪಕ್ಕದಲ್ಲೇ ಇರುವುದರಿಂದ ಅದನ್ನೂ ಅಳೆದದ್ದೇ ಅನ್ನಿಸುತ್ತದೆ. ಅಳೆದದ್ದಲ್ಲ ಮಗಳೇ, ಲೆಕ್ಕ ಹಾಕಿದ್ದು. ಕಲ್ಲಿನಲ್ಲಿ ಎಷ್ಟು ಜಾಗ ಖಾಲಿ ಇದೆ ಎಂಬುದನ್ನು, ಅಂದರೆ ಪೊರಾಸಿಟಿಯನ್ನು, ಲಾಗ್ ಚೆನ್ನಾಗಿಯೇ ಹೇಳುತ್ತದೆ. ಆ ಜಾಗದಿಂದ ಎಣ್ಣೆ ಹರಿದು ಹೊರಬರಲು ದಾರಿ ಇದೆಯೇ ಎಂಬುದು ಬೇರೆಯೇ ಪ್ರಶ್ನೆ.

ಪರ್ಮಿಯಬಿಲಿಟಿಯ ಲೆಕ್ಕಕ್ಕೆ 1968ರಲ್ಲಿ ಟಿಮುರ್ ಕೊಟ್ಟ ಸೂತ್ರವನ್ನು ನೀನು ಓದಿರುತ್ತೀಯ. ಅದರಲ್ಲಿ ಪೊರಾಸಿಟಿಯ ಘಾತ 4.4. ಕೂತು ಲೆಕ್ಕ ಮಾಡಿ ನೋಡು: ಪೊರಾಸಿಟಿಯನ್ನು ಶೇಕಡಾ 20ರ ಬದಲು 22 ಎಂದು ಓದಿದರೆ ಉತ್ತರ ಒಂದೂವರೆ ಪಟ್ಟಾಗುತ್ತದೆ. ಕದಲದೆ ಕಲ್ಲಿಗೆ ಅಂಟಿಕೊಂಡೇ ಉಳಿಯುವ ನೀರಿನ ಪ್ರಮಾಣವೂ ಸೂತ್ರಕ್ಕೆ ಬೇಕು. ಎಣ್ಣೆ-ನೀರಿನ ಗಡಿಯ ಹತ್ತಿರ ಲಾಗ್ ತೋರಿಸುವ ನೀರೆಲ್ಲ ಅಂಥದ್ದಲ್ಲ, ಅದರಲ್ಲಿ ಹರಿಯುವ ನೀರೂ ಸೇರಿರುತ್ತದೆ. ಅಲ್ಲಿ ಸೂತ್ರ ಹಚ್ಚಬೇಡ.

ಇನ್ನೊಂದು ಮಾತು. ಆ ಸೂತ್ರ ಹುಟ್ಟಿದ್ದು ಮರಳುಗಲ್ಲಿನಿಂದ. ನಿನ್ನ ಬಾಂಬೆ ಹೈನ ಮುಖ್ಯ ತೈಲಪದರ ಸುಣ್ಣಕಲ್ಲು. ನಾನು ನಿನ್ನ ವಯಸ್ಸಿನಲ್ಲಿದ್ದಾಗ ಬೇರೊಂದು ಸುಣ್ಣಕಲ್ಲಿನ ಬಾವಿಗೆ ಇದೇ ಸೂತ್ರ ಹಚ್ಚಿ, ಒಳ್ಳೆಯ ಪದರ ಎಂದು ಬರೆದು ಕೊಟ್ಟೆ. ಪರೀಕ್ಷೆಗೆ ತೆರೆದಾಗ ಎಣ್ಣೆ ತೊಟ್ಟಿಕ್ಕಿತು ಅಷ್ಟೇ. ಆಮೇಲೆ, ಬಾವಿಯಿಂದ ಕೊರೆದು ತೆಗೆದ ಕಲ್ಲನ್ನು (ಅದೇ ಕೋರ್) ಇಡುವ ಲ್ಯಾಬಿಗೆ ಹೋಗಿ ಆ ಪದರದ ಹೆಬ್ಬೆರಳ ಗಾತ್ರದ ತುಣುಕೊಂದನ್ನು ಭೂತಗನ್ನಡಿಯಲ್ಲಿ ನೋಡಿದೆ. ತುಂಬಾ ತೂತುಗಳು. ಚಿಪ್ಪುಗಳು ಕರಗಿಹೋಗಿ, ಅವುಗಳ ಆಕಾರ ಮಾತ್ರ ಉಳಿದಿತ್ತು. ಆದರೆ ಒಂದರಿಂದ ಇನ್ನೊಂದಕ್ಕೆ ದಾರಿಯೇ ಇರಲಿಲ್ಲ. ಬಾಗಿಲಿಲ್ಲದ ಕೋಣೆಗಳ ವಠಾರ. ನಾನು ಕೋಣೆ ಎಣಿಸಿದ್ದೆ, ಬಾಗಿಲು ಎಣಿಸಿರಲಿಲ್ಲ.

ಹರಿವನ್ನು ನೇರವಾಗಿ ಅಳೆಯುವ ದಾರಿ ಹಳೆಯದೇ. 1856ರಲ್ಲಿ ಫ್ರಾನ್ಸಿನ ದಿಜೋನ್ ಊರಿನಲ್ಲಿ ಆನ್ರಿ ಡಾರ್ಸಿ ಮರಳು ತುಂಬಿದ ಕೊಳವೆಯಲ್ಲಿ ನೀರು ಹಾಯಿಸಿ ಅಳೆದರು. ಇಂದಿಗೂ ಲ್ಯಾಬಿನಲ್ಲಿ ಕಲ್ಲಿನ ತುಣುಕಿನೊಳಗೆ ಗಾಳಿ ಹಾಯಿಸಿ ಮಾಡುವುದು ಅದನ್ನೇ. ಎನ್‌ಎಂಆರ್ ಲಾಗ್ ರಂಧ್ರಗಳ ಗಾತ್ರದ ಸುಳಿವು ಕೊಡುತ್ತದೆ, ಬಹಳ ಉಪಯುಕ್ತ. ಆದರೆ ಅದೂ ಬಾಗಿಲುಗಳನ್ನು ನೇರವಾಗಿ ನೋಡುವುದಿಲ್ಲ. ಅದರ ಸೂತ್ರದ ಗುಣಾಂಕವನ್ನೂ ಆ ಪದರದ ಕೋರ್‌ಗೆ ಹೊಂದಿಸಿಕೊಳ್ಳಬೇಕು.

ಆದ್ದರಿಂದ ಸೂತ್ರ ಹಚ್ಚುವ ಮೊದಲು ಕೋರ್ ಕೇಳು. ದುಬಾರಿ ಎನ್ನುತ್ತಾರೆ, ಆದರೂ ಕೇಳು. ಸಿಕ್ಕಿದ ಮೇಲೆ ಆತುರಪಡಬೇಡ. ಕೊರೆಯುವವರು ಬರೆದ ಆಳಕ್ಕೂ ಲಾಗ್‌ನ ಆಳಕ್ಕೂ ಒಂದೆರಡು ಮೀಟರ್ ವ್ಯತ್ಯಾಸ ಇರಬಹುದು. ಕೋರ್‌ನ ಗಾಮಾ ಗೆರೆಯನ್ನು ಬಾವಿಯ ಗಾಮಾ ಗೆರೆಯ ಪಕ್ಕದಲ್ಲಿಟ್ಟು, ಏರಿಳಿತ ಹೊಂದುವವರೆಗೆ ಸರಿಸಿಕೋ. ಲೆಕ್ಕ ಅಲ್ಲಿಂದ ಶುರು ಮಾಡು.

ನಿನ್ನ ಮಾವ