ನೋವು ನಿಂತಿತೆಂದು ಕ್ಯಾಪ್ ಮುಂದೂಡಬೇಡ

ಪುಟ್ಟೀ, ರೂಟ್ ಕೆನಾಲ್ ಮುಗಿದು ತಿಂಗಳಾಯಿತು, ಈಗ ನೋವೇ ಇಲ್ಲ, ಕ್ಯಾಪ್ ದೀಪಾವಳಿ ಬೋನಸ್ ಬಂದಮೇಲೆ ಹಾಕಿಸಿದರಾಯಿತು ಅಂದೆಯಂತೆ. ನಿನ್ನಮ್ಮ ಹೇಳಿದಾಗಿನಿಂದ ನನಗೆ ಅದೇ ಯೋಚನೆ. ನೋವಿಲ್ಲ ಅನ್ನುವುದನ್ನೇ ನಂಬಿ ಕೂರಬೇಡ. ಹಲ್ಲಿನೊಳಗಿನ ನರವನ್ನೇ ತೆಗೆದಿದ್ದಾರೆ, ಇನ್ನು ಅದು ಬಿರುಕು ಬಿಟ್ಟರೂ ನಿನಗೆ ಮೊದಲಿನಂತೆ ಗೊತ್ತಾಗುವುದಿಲ್ಲ. ನಿನ್ನದು ಮೊದಲೇ ಮುರಿದ ದವಡೆ ಹಲ್ಲು. ಹುಳುಕು ಕೆರೆದು, ಬೇರಿನ ತನಕ ದಾರಿ ಕೊರೆದಮೇಲೆ ಸುತ್ತ ತೆಳ್ಳನೆಯ ಗೋಡೆ, ನಡುವೆ ಸಿಮೆಂಟು, ಅಷ್ಟೇ ಉಳಿದಿರುವುದು. ಒಂದು ದಿನ ಗಟ್ಟಿ ಚಕ್ಕುಲಿಯೋ ಅನ್ನದೊಳಗಿನ ಕಲ್ಲೋ ಸಿಕ್ಕಿ ಬೇರಿನವರೆಗೆ ಸೀಳಿತು ಅಂದರೆ ಕೀಳಿಸದೆ ಗತಿಯಿಲ್ಲ. ಕಿತ್ತ ಜಾಗಕ್ಕೆ ಇಂಪ್ಲಾಂಟ್ ಅಂದರೆ ಕ್ಯಾಪ್‌ಗಿಂತ ಎಷ್ಟೋ ಪಟ್ಟು ಖರ್ಚು.

ಇನ್ನೊಂದು ವಿಷಯ. ಕ್ಯಾಪ್ ಭದ್ರವಾಗಿ ಕೂರಬೇಕಾದರೆ ಒಸಡಿನ ಮೇಲೆ ಸುತ್ತಲೂ ಸುಮಾರು 2 ಮಿ.ಮೀ. ಗಟ್ಟಿ ಹಲ್ಲು ಉಳಿದಿರಬೇಕು. ತಡಮಾಡಿದಷ್ಟೂ ಚೂರು ಚೂರೇ ಒಡೆದು ಆ ಹಿಡಿತವೇ ಹೋಗುತ್ತದೆ.

ದುಡ್ಡಿನದೇ ತೊಂದರೆಯಾದರೆ ದಂತ ಕಾಲೇಜಿನ ಆಸ್ಪತ್ರೆಗೆ ಹೋಗು. ಬೆಂಗಳೂರಿನಲ್ಲೇ ವಿಕ್ಟೋರಿಯಾ ಆಸ್ಪತ್ರೆಯ ಬಳಿ ಸರ್ಕಾರಿ ದಂತ ಕಾಲೇಜಿದೆ. ವಿದ್ಯಾರ್ಥಿಗಳು ಮಾಡುತ್ತಾರೆ, ಪ್ರಾಧ್ಯಾಪಕರು ನಿಂತು ನೋಡುತ್ತಾರೆ. ಹೊತ್ತು ಹಿಡಿಯುತ್ತದೆ, ಖರ್ಚು ಕಡಿಮೆ. ಯಾವ ಕ್ಯಾಪ್ ಅಂತ ತಲೆ ಕೆಡಿಸಿಕೊಳ್ಳಬೇಡ. ಜಿರ್ಕೋನಿಯಾ ಗಟ್ಟಿ, ನೋಡಲೂ ಹಲ್ಲಿನ ಬಣ್ಣ. ಲೋಹದ ಮೇಲೆ ಸೆರಾಮಿಕ್ ಇರುವುದು ಅಗ್ಗ, ಆದರೆ ಕೆಲವು ವರ್ಷದಲ್ಲಿ ಒಸಡಿನ ಅಂಚಿಗೆ ಕಪ್ಪು ಗೆರೆ ಕಾಣಬಹುದು. ತೀರಾ ಹಿಂದಿನ ಹಲ್ಲಿಗೆ ಅದರಿಂದೇನೂ ನಷ್ಟವಿಲ್ಲ. ವಾರಂಟಿ ಕಾರ್ಡ್ ಕೊಟ್ಟರೆ ಇಟ್ಟುಕೋ, ಆದರೆ ಅದು ಕ್ಯಾಪ್‌ಗೆ ಕೊಟ್ಟದ್ದು, ಒಳಗಿನ ಹಲ್ಲಿಗಲ್ಲ.

ಮೊದಲ ದಿನ ಹಲ್ಲನ್ನು ಸುತ್ತ ತೇಯ್ದು, ಅಳತೆ ತೆಗೆದು, ತಾತ್ಕಾಲಿಕ ಕ್ಯಾಪ್ ಕೂರಿಸಿ ಕಳಿಸುತ್ತಾರೆ. ಅದನ್ನು ಹಿಡಿದಿರುವುದು ಹಗುರ ಅಂಟು. ಲ್ಯಾಬಿನಿಂದ ನಿಜವಾದದ್ದು ಬರುವ ತನಕ ಆ ಕಡೆ ಚಿಕ್ಕಿ, ಮೈಸೂರುಪಾಕು ಅಗಿಯಬೇಡ.

ನೀನು ಗಟ್ಟಿಯಾಗಿ ಬಾಯಿ ಬಿಟ್ಟು ಹೇಳಬೇಕಾದದ್ದು ಕೂರಿಸುವ ದಿನ. ಬಣ್ಣದ ತೆಳು ಕಾಗದ ಇಟ್ಟು ಕಚ್ಚಿಸುತ್ತಾರೆ, ಎತ್ತರವಿದ್ದಲ್ಲಿ ಬಣ್ಣ ಹತ್ತುತ್ತದೆ, ಅಲ್ಲಿ ತೇಯುತ್ತಾರೆ, ಮತ್ತೆ ಕಚ್ಚಿಸುತ್ತಾರೆ. ಬರೀ ಕಚ್ಚಿದರೆ ಸಾಲದು, ರೊಟ್ಟಿ ಅಗಿಯುವ ಹಾಗೆ ದವಡೆಯನ್ನು ಆಚೆ ಈಚೆ ಆಡಿಸು. ಉಳಿದ ಹಲ್ಲುಗಳಿಗಿಂತ ಮೊದಲು ಆ ಒಂದು ಹಲ್ಲೇ ತಗುಲುತ್ತಿದ್ದರೆ ‘ಇನ್ನೂ ಎತ್ತರ ಇದೆ’ ಅನ್ನು. ಡಾಕ್ಟರಿಗೆ ಹೊತ್ತಾಯಿತು, ಹೊರಗೆ ಜನ ಕಾಯುತ್ತಿದ್ದಾರೆ ಅಂತ ಸಂಕೋಚದಿಂದ ಸರಿಯಾಗಿದೆ ಎಂದು ಎದ್ದು ಬರಬೇಡ. ಕೂದಲೆಳೆಯಷ್ಟು ಎತ್ತರವಿದ್ದರೂ ಅಗಿಯುವ ಭಾರವೆಲ್ಲ ಅದೊಂದರ ಮೇಲೇ ಬಿದ್ದು ಬೇರಿನ ಸುತ್ತ ನೋವೇಳುತ್ತದೆ. ಎರಡು ದಿನ ಬಿಟ್ಟು ಗೊತ್ತಾದರೂ ವಾಪಸ್ ಹೋಗು. ತೇದು ಸರಿಮಾಡುವುದು ಐದು ನಿಮಿಷದ ಕೆಲಸ.

ಕ್ಯಾಪ್ ಹುಳುಕಾಗುವುದಿಲ್ಲ ನಿಜ, ಅದರ ಅಂಚಿನಲ್ಲಿರುವ ನಿನ್ನ ಹಲ್ಲು ಹುಳುಕಾಗುತ್ತದೆ. ಒಸಡಿನ ಅಂಚಿಗೆ ಮೃದು ಬ್ರಶ್, ಸಂದಿಗೆ ಫ್ಲಾಸ್, ರಾತ್ರಿ ಮಲಗುವ ಮುಂಚೆ ತಪ್ಪಿಸಬೇಡ. ಸೋಡಾ ಮುಚ್ಚಳ ತೆಗೆಯಲು, ಅಡಿಕೆ ಕಡಿಯಲು ಇನ್ನು ಮೇಲೆ ಹಲ್ಲು ಬೇಡವೇ ಬೇಡ. ನಿದ್ದೆಯಲ್ಲಿ ಹಲ್ಲು ಮಸೆಯುವ ಅಭ್ಯಾಸ ನಿನಗೆ ಚಿಕ್ಕಂದಿನಿಂದ ಇದೆ, ಅದನ್ನೂ ಡಾಕ್ಟರಿಗೆ ಹೇಳು. ರಾತ್ರಿ ಹಾಕಿಕೊಳ್ಳಲು ಗಾರ್ಡ್ ಮಾಡಿಕೊಡುತ್ತಾರೆ. ಎಂದಾದರೂ ಕ್ಯಾಪ್ ಕಳಚಿ ಬಂದರೆ ಅಂಗಡಿಯ ಅಂಟು ಹಚ್ಚಿಕೊಳ್ಳಬೇಡ, ತೊಳೆದು ಡಬ್ಬಿಯಲ್ಲಿಟ್ಟುಕೊಂಡು ಅವರ ಹತ್ತಿರವೇ ಹೋಗು.

ಈ ವಾರವೇ ಟೈಮ್ ಗೊತ್ತುಮಾಡಿಕೋ. ಒಬ್ಬಳೇ ಹೋಗಲು ಬೇಸರವಾದರೆ ಹೇಳು, ನಾನೇ ಬರುತ್ತೇನೆ. ಬೋನಸ್ ಬರುವ ತನಕ ಮುಂಗಡದ ದುಡ್ಡು ಈ ದೊಡ್ಡಮ್ಮನ ಹತ್ತಿರ ಇದೆ.